ನೀಲಿ ಟ್ರೇಯ ಬ್ರೇಕು

ಮೇ 12, ಸೋಮವಾರ

ಇವತ್ತು ಸೈಕಲ್ ಬ್ರೇಕಿನ 840 ಲಿವರ್ ಒತ್ತಿ ನೋಡಿದೆ. ಮೂರು ರಿಜೆಕ್ಟ್. ಎರಡಕ್ಕೆ ಸ್ಪ್ರಿಂಗ್ ಸರಿ ಕೂತಿಲ್ಲ, ಇನ್ನೊಂದು ಯಾರದೋ ಸೋಮಾರಿತನ. ಕಂಪನಿ ಬಸ್ಸು ನಮ್ಮೂರು ಲಕ್ಕೂರಿಗೆ ಹತ್ತು ನಿಮಿಷ ಲೇಟು. ಕ್ಯಾಂಟೀನಿನ ಸಾರು ಎಂದಿನಂತೆ — ಬೇಳೆ ಅದರಲ್ಲಿ ಮುಖ ತೊಳೆದುಕೊಂಡು ಹೋಗಿದೆ, ಅಷ್ಟೆ.

ಊಟದ ಹೊತ್ತಿಗೆ ಚೀಟಿ ಎತ್ತಿದರು. ನಮ್ಮ ಬ್ರೇಕ್ ಲಿವರ್ ಕೊಳ್ಳುವ ಆಸ್ಟ್ರಿಯಾದ ಕಂಪನಿ ಪ್ರತಿ ವರ್ಷ ತನ್ನ ಡೀಲರುಗಳನ್ನು ಆಲ್ಪ್ಸ್ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತದಂತೆ. ಒಂದು ವಾರ ಮೌಂಟನ್ ಬೈಕಿಂಗ್, ಜೊತೆಗೆ ಗೈಡ್. ಈ ಸಲ ಮಾಲೂರು ಪ್ಲಾಂಟಿನಿಂದಲೂ ಒಬ್ಬರು ಬರಲಿ, ಆಫೀಸಿನವರು ಬೇಡ, ಲೈನಿನಲ್ಲಿ ಕೂರುವವರೇ ಬರಲಿ ಎಂದು ಮೇಲ್ ಬಂದಿದೆ. ಹತ್ತು ವರ್ಷ ಸರ್ವೀಸ್ ಆದ ಹದಿನೇಳು ಜನರ ಹೆಸರು ಸ್ಟೀಲ್ ಡಬ್ಬಿಗೆ ಹಾಕಿದರು. ಬಂದದ್ದು ಆವಲಮ್ಮಕ್ಕನ ಹೆಸರು.

ಅಕ್ಕ ನನ್ನ ಪಕ್ಕದ ಸ್ಟೂಲು. ಇಪ್ಪತ್ತಾರು ವರ್ಷದ ಸರ್ವೀಸು, ಆಗಸ್ಟಿಗೆ ರಿಟೈರು. ನನಗೆ ಕೆಲಸ ಕಲಿಸಿದವರು. ಆದರೆ ಸೈಕಲ್ ತುಳಿಯಲು ಬರುವುದಿಲ್ಲ! ಸೈಕಲ್ ಬ್ರೇಕು ಮಾಡುತ್ತಲೇ ತಲೆ ನರೆತವರಿಗೆ ಸೈಕಲ್ ಬರದು. ಎಲ್ಲರೂ ನಕ್ಕರು. ಅಕ್ಕನೂ ನಕ್ಕರು. ಸೂಪರ್‌ವೈಸರ್ ವೇಣುಗೋಪಾಲ್ ಸಾರ್ ಇನ್ನೊಂದು ಚೀಟಿ ಎತ್ತಲು ಕೈ ಹಾಕಿದರು. ಅಕ್ಕ ಡಬ್ಬಿಯ ಬಾಯಿಗೆ ಅಂಗೈ ಮುಚ್ಚಿಬಿಟ್ಟರು.

"ಬಂದಿರೋದು ನನ್ ಚೀಟಿ ಸಾರ್. ನಂಗೆ ಬಂದಿದ್ದನ್ನ ನಾನ್ ಯಾರಿಗ್ ಬೇಕಾದ್ರೂ ಕೊಡ್ತೀನಿ. ಶ್ರೀವಾಣಿ ಹೋಗ್ತಾಳೆ."

ಸಾರ್ ತಲೆ ಕೆರೆದುಕೊಂಡರು. ಆಗಲಿ ಅಂದರು. ಶ್ರೀವಾಣಿ ಅಂದರೆ ನಾನೇ. ಒಂದು ಲಿವರನ್ನು ಮೂರು ಸಲ ಒತ್ತಿ ನೋಡಬೇಕು, ಅದು ರೂಲು. ಮಧ್ಯಾಹ್ನದ ಮೇಲೆ ಎಷ್ಟು ಸಲ ಒತ್ತಿದೆನೋ ಲೆಕ್ಕವೇ ತಪ್ಪುತ್ತಿತ್ತು.

ಮೇ 14, ಬುಧವಾರ

ಬಸ್ಸಿನಲ್ಲಿ ಅಕ್ಕನಿಗೆ ಹೇಳಿದೆ — ಬೇಡ ಅಕ್ಕ, ನಿಮ್ಮದನ್ನು ಕಿತ್ತುಕೊಂಡ ಹಾಗಾಗುತ್ತೆ. ಅಕ್ಕ ಕಡಲೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಮುಚ್ಚೇ ಬಾಯಿ. ಒಂದ್ ಕೆಲ್ಸ ಹೇಳ್ತೀನಿ, ಅದ್ ಮಾಡ್ಕೊಂಡ್ ಬಾ. ಬೆಟ್ಟದ್ ಮೇಲಿಂದ ಕೆಳಗಿನ್ ತನಕ ನಮ್ ಲಿವರ್ ಹಿಡ್ಕೊಂಡು ಇಳೀಬೇಕು. ಹಿಡೀತಾ ಇಲ್ವಾ ಅಂತ ನಂಗ್ ಹೇಳ್ಬೇಕು. ಇಪ್ಪತ್ತಾರು ವರ್ಷದಿಂದ ಒತ್ತುತಾ ಇದೀನಿ ಕಣೇ. ಒಂದಿನಾನೂ ಉರುಳೋ ಚಕ್ರಕ್ಕೆ ಒತ್ತಿಲ್ಲ."

ಮಾತು ಕೊಟ್ಟೆ. ಸುಲಭದ ಮಾತು ಅನ್ನಿಸಿತು.

ಮನೆಯಲ್ಲಿ ಇವರು ಒಂದೇ ಸಲಕ್ಕೆ "ಹೋಗ್ ಬಾ, ಅರ್ಪಿತಾನ ನಾನ್ ಸ್ಕೂಲಿಗ್ ಬಿಡ್ತೀನಿ" ಅಂದುಬಿಟ್ಟರು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ವಾದವೆಲ್ಲ ವೇಸ್ಟು. ಇಡೀ ದಿನ ಯಾರದೋ ಮನೆಗೆ ಟೈಲ್ಸ್ ಹಾಕಿ ಮಂಡಿ ಹಿಡಿದುಕೊಂಡು ಬಂದ ಮನುಷ್ಯ. ಅಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ಕಣ್ಣು ತುಂಬಿತು. ತೋರಿಸಿಕೊಳ್ಳಲಿಲ್ಲ.

ಅತ್ತೆ ಮೂರು ಸಲ "ಎಕ್ಕಡಿಕಮ್ಮಾ?" ಅಂದರು, ಎಲ್ಲಿಗೆ ಅಂತ ಅವರ ತೆಲುಗಿನಲ್ಲಿ. ಆಮೇಲೆ ಯಾವ ತಿಂಗಳು ಅಂತ ಕೇಳಿದರು. ಜುಲೈ ಅಂದೆ. ಬೆರಳು ಮಡಿಸಿ ಎಣಿಸಿದರು.

"ಆಷಾಢ! ಆಷಾಢದಲ್ಲಿ ಅತ್ತೆ ಸೊಸೆ ಒಂದ್ ಹೊಸಿಲು ದಾಟಬಾರ್ದು ಅಂತಾರೆ. ನೀನು ಸಮುದ್ರಾನೇ ದಾಟ್ತೀಯ. ಸರಿಹೋಯ್ತು ಬಿಡಮ್ಮಾ, ಶಾಸ್ತ್ರ ಪೂರಾ ಆಯ್ತು."

ಮೇ 25, ಭಾನುವಾರ

ವೇಣುಗೋಪಾಲ್ ಸಾರ್ ಪ್ಲಾಂಟಿನ ಟೆಸ್ಟ್ ಸೈಕಲ್ ಕಳಿಸಿದ್ದಾರೆ. ಪ್ರಾಕ್ಟೀಸಿಗೆ. ಬೆಳಿಗ್ಗೆ ಕೆರೆ ಏರಿಯ ಮೇಲೆ ಆರು ಸುತ್ತು. ಎಮ್ಮೆ ಹೊಡೆದುಕೊಂಡು ಬಂದ ಮುನಿಯಲ್ಲಪ್ಪ ತಾತ ನಿಂತು ನೋಡಿದರು. "ಯಾಕಮ್ಮಾ, ಬಸ್ ಬರ್ಲಿಲ್ವಾ?" ಅಂದರು. ತೊಡೆ ಎರಡೂ ಬೆಂಕಿ.

ಸೈಕಲ್ಲಿಗೆ ಹಾಕಿರುವುದು ಹಳದಿ ಟ್ರೇ ಲಿವರ್. ನಮ್ಮ ದೇಶದ್ದು — ಬಲಗೈ ಒತ್ತಿದರೆ ಮುಂದಿನ ಚಕ್ರ, ಎಡಗೈ ಒತ್ತಿದರೆ ಹಿಂದಿನದು. ನಾನೂ ಅಕ್ಕನೂ ಕೂರುವುದು ನೀಲಿ ಟ್ರೇಗೆ. ಯೂರೋಪಿಗೆ ಹೋಗುವುದು ಅದು, ಉಲ್ಟಾ. ಎಡಗೈಗೆ ಮುಂದಿನ ಕೇಬಲ್. ಅಲ್ಲಿ ಹೋಗಿ ಮರೆಯಬಾರದು ಅಂತ ಸಾರ್ ಹೇಳಿದರು. ನಗು ಬಂತು. ಹನ್ನೊಂದು ವರ್ಷದಿಂದ ಅದನ್ನೇ ನೋಡುತ್ತಿರುವವಳು ನಾನು!

ಜೂನ್ 19, ಗುರುವಾರ

ವೀಸಾ ಬಂತು.

ಫಾರಮ್ಮಿನಲ್ಲಿ ಪ್ರಯಾಣದ ಉದ್ದೇಶ ಅಂತ ಒಂದು ಕಾಲಂ. "ರಜೆ" ಅಂತ ಬರೆಯಬೇಕಿತ್ತು. ಇಷ್ಟು ವರ್ಷದಲ್ಲಿ ರಜಾ ಚೀಟಿ ಬರೆದಿರುವುದೆಲ್ಲ ಜ್ವರಕ್ಕೆ, ಮದುವೆಗೆ, ತಿಥಿಗೆ. ಬರೀ ರಜೆಗಾಗಿ ರಜೆ ಅಂತ ಬರೆಯಲು ಪೆನ್ನು ಸ್ವಲ್ಪ ಹೊತ್ತು ಓಡಲಿಲ್ಲ.

ಜೂನ್ 29, ಭಾನುವಾರ

ತವರಿಗೆ ಬಂದಿದ್ದೇನೆ, ದೇವರಾಯಸಮುದ್ರ. ಸೈಕಲ್ಲನ್ನು ಇವರ ಸ್ನೇಹಿತರ ಟೆಂಪೋದಲ್ಲಿ ಹಾಕಿಕೊಂಡು ಬಂದೆವು. ಬೆಳಿಗ್ಗೆ ಆವನಿ ಬೆಟ್ಟದ ಬುಡದಲ್ಲಿ ಬಂಡೆಗಳ ನಡುವೆ ಇಳಿಜಾರು ಕಲಿಯೋಣ ಅಂತ ಹೋದೆ. ಎರಡು ಸಲ ಸರಿಯಾಗಿ ಇಳಿದೆ, ಮೂರನೆಯ ಸಲ ಲಂಟಾನ ಪೊದೆಗೆ ನುಗ್ಗಿದೆ. ಪೊದೆಗೆ ಏನೂ ಆಗಲಿಲ್ಲ.

ಅಪ್ಪ ಬಂಡೆಯ ಮೇಲೆ ಕೂತು ನೋಡುತ್ತಿದ್ದರು. ಎಂಟನೇ ಕ್ಲಾಸಿನಲ್ಲಿ ಸ್ಕೂಲಿನಿಂದ ಸೈಕಲ್ ಕೊಟ್ಟಿದ್ದರಲ್ಲ, ಅದರ ಮೇಲೆ ಮೂರು ವರ್ಷ ಮುಳಬಾಗಿಲಿಗೆ ಹೋಗಿ ಬಂದವಳು ನಾನು. ಬ್ರೇಕು ಸವೆದ ಮೇಲೆ ಚಪ್ಪಲಿ ನೆಲಕ್ಕೆ ಒತ್ತಿ ನಿಲ್ಲಿಸುತ್ತಿದ್ದೆ.

"ವರ್ಷಕ್ಕೆ ನಾಕ್ ಜೊತೆ ಚಪ್ಪಲಿ ತಿಂತಿದ್ದೆ ನೀನು," ಅಂದರು ಅಪ್ಪ. "ಈಗ ನೋಡು, ಬ್ರೇಕಿಗೇ ಇನ್ಸ್‌ಪೆಕ್ಟ್ರು."

ಹೆಮ್ಮೆಯಿಂದಲೇ ಅಂದರು. ಅಪ್ಪನಿಗೆ ಹೆಮ್ಮೆ ಬಂದರೆ ಹೀಗೇ ಬೈದ ಹಾಗೆ ಬರುತ್ತೆ.

ಜುಲೈ 12, ಶನಿವಾರ, ಏರ್‌ಪೋರ್ಟ್

ಅಕ್ಕ ಬಂದಿದ್ದರು! ಮಾಲೂರಿನಿಂದ ಎರಡು ಬಸ್ಸು ಬದಲಾಯಿಸಿ. ಕೈಯಲ್ಲಿ ರಾಗಿ ಹುರಿಹಿಟ್ಟಿನ ಡಬ್ಬಿ. ಅತ್ತೆ ಕೊಟ್ಟ ಶ್ರೀನಿವಾಸಪುರದ ಮಾವಿನ ಉಪ್ಪಿನಕಾಯಿ ಈಗಾಗಲೇ ಬ್ಯಾಗಿನಲ್ಲಿ ಮೂರು ಕವರ್ ಸುತ್ತಿಕೊಂಡು ಕೂತಿದೆ. ಅರ್ಪಿತ ಅಳಲಿಲ್ಲ, ಚಾಕೊಲೇಟ್ ಲಿಸ್ಟ್ ಕೊಟ್ಟಳು. ಅತ್ತದ್ದು ಇವರು. ಕಣ್ಣಿಗೆ ಧೂಳು ಬಿತ್ತಂತೆ. ಏರ್‌ಪೋರ್ಟಿನಲ್ಲಿ ಎಲ್ಲಿಯ ಧೂಳು, ಅನ್ನ ಹಾಕಿಕೊಂಡು ತಿನ್ನಬಹುದು ಆ ನೆಲದ ಮೇಲೆ.

ಅಕ್ಕ ಮೆಲ್ಲಗೆ ಅಂದರು, "ನೆನಪೈತಲ್ಲ? ಹಿಡೀತಾ ಇಲ್ವಾ."

ಜುಲೈ 13, ಭಾನುವಾರ

ಮ್ಯೂನಿಕ್‌ನಲ್ಲಿ ನನ್ನ ಹೆಸರು ಬರೆದ ಬೋರ್ಡು ಹಿಡಿದು ನಿಂತಿದ್ದರು. ನನ್ನ ಹೆಸರು. ನಾನು ಫೋಟೋ ತೆಗೆದುಕೊಂಡೆ, ಬೋರ್ಡಿನದು.

ಅಲ್ಲಿಂದ ವ್ಯಾನಿನಲ್ಲಿ ಆಸ್ಟ್ರಿಯಾಕ್ಕೆ ಬಂದೆವು. ಬೆಟ್ಟ ಅಂದರೆ ಇದು. ನಮ್ಮದು ಬಂಡೆ ಗುಡ್ಡೆ ಹಾಕಿದ ಹಾಗೆ, ಇದು ಆಕಾಶಕ್ಕೆ ಗೋಡೆ ಕಟ್ಟಿದ ಹಾಗೆ. ಇಳಿದುಕೊಂಡಿರುವುದು ಹಳ್ಳಿಯ ಮೇಲಿನ ಮರದ ಮನೆ, ಗೆಸ್ಟ್‌ಹೌಸು. ಒಟ್ಟು ಏಳು ಜನ. ನನ್ನ ರೂಮಿನಲ್ಲಿ ಇಂಗಾ, ಹಾಲೆಂಡಿನ ಡೀಲರು, ಐವತ್ತು ವರ್ಷ ಇರಬಹುದು. ಅವಳ ಇಂಗ್ಲಿಷ್ ನಿಧಾನ, ನನ್ನದು ಅದಕ್ಕಿಂತ ನಿಧಾನ. ಚೆನ್ನಾಗಿ ಹೊಂದಿಕೊಂಡಿತು. ಉಪ್ಪಿನಕಾಯಿ ನೆಕ್ಕಿ ನೋಡಿ ಎರಡು ಲೋಟ ನೀರು ಕುಡಿದಳು, ಆಮೇಲೆ ಇನ್ನೊಂದು ಚೂರು ಕೇಳಿದಳು. ಪಾಸ್.

ಜುಲೈ 14, ಸೋಮವಾರ

ಹೇಗೆ ಬರೆಯಲಿ...

ಬೆಳಿಗ್ಗೆ ಗೈಡ್ ಹನ್ನೆಸ್ ಎಲ್ಲರಿಗೂ ಸೈಕಲ್ ಹಂಚಿದ. ಮೊದಲು ಮಾಡಿದ ಕೆಲಸ — ಲಿವರಿನ ಕೆಳಗೆ ಬೆರಳು ಹಾಕಿ ತಿರುಗಿಸಿ ನೋಡಿದೆ. ನಮ್ಮ ಪ್ಲಾಂಟಿನ ಗುರುತು ಒಂದು ಸಣ್ಣ ತ್ರಿಕೋನ. ಇರಲಿಲ್ಲ. ಪಕ್ಕದ್ದು ನೋಡಿದೆ. ಏಳೂ ನೋಡಿದೆ. ಯಾವುದರಲ್ಲೂ ಇಲ್ಲ. ಇವು ಕೇಬಲ್ ಇಲ್ಲದ ಎಣ್ಣೆಯ ಬ್ರೇಕುಗಳು, ಬೇರೆ ಕಂಪನಿಯವು. ಹನ್ನೆಸ್‌ನನ್ನು ಕೇಳಿದೆ. ಅವನು ಒಳ್ಳೆಯ ಹುಡುಗ, ನೋಯಿಸಲು ಹೇಳಲಿಲ್ಲ. ನಿಮ್ಮ ಲಿವರ್ ಪೇಟೆ ಸೈಕಲ್ಲಿಗೆ, ಮಕ್ಕಳ ಸೈಕಲ್ಲಿಗೆ. ಬೆಟ್ಟಕ್ಕೆ ಹಾಕುವುದಿಲ್ಲ ಅಂದ.

ಬೆಟ್ಟಕ್ಕೆ ಹಾಕುವುದಿಲ್ಲ.

ದಿನವಿಡೀ ಹೊಳೆ ಪಕ್ಕದ ಸುಲಭದ ದಾರಿ. ಹಸುಗಳ ಕೊರಳಲ್ಲಿ ಸೊಂಟದ ಕೊಡದಷ್ಟು ದೊಡ್ಡ ಗಂಟೆ. ನೀರು ಗಾಜಿನ ಹಾಗೆ. ಎಲ್ಲ ಚೆಂದ, ಯಾವುದೂ ಒಳಗೆ ಇಳಿಯಲಿಲ್ಲ. ಅಕ್ಕನ ಚೀಟಿ ತಗೊಂಡು ಬಂದು ಯಾರದೋ ಬ್ರೇಕು ಹಿಡಿದುಕೊಂಡು ಓಡಾಡುತ್ತಿದ್ದೇನೆ ಅನ್ನಿಸುತ್ತಿತ್ತು.

ಮಧ್ಯಾಹ್ನ ಅಕ್ಕನ ಫೋನು. ಶಿಫ್ಟ್ ಮುಗಿಸಿ ಬಸ್ಸಿಗೆ ನಿಂತಿದ್ದರು, ಹಿಂದೆ ಹಾರನ್ನಿನ ಸದ್ದು.

"ಹಿಡೀತೇನೇ?"

"ಹೂಂ ಅಕ್ಕ. ಹಿಡೀತು."

ಬಾಯಿಗೆ ಬಂದುಬಿಟ್ಟಿತು. ಆ ಕಡೆ ಅಕ್ಕ ಯಾರಿಗೋ ಕೂಗಿ ಹೇಳಿದರು, ನಮ್ ಲಿವರ್ ಹಿಡೀತಂತೆ ಕಣ್ರೇ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಅಕ್ಕನಿಗೆ ಸುಳ್ಳು ಹೇಳಿದ್ದು ಇದೇ ಮೊದಲು.

ಜುಲೈ 15, ಮಂಗಳವಾರ

ಬಿದ್ದೆ. ಗದ್ದಕ್ಕೆ ಮೂರು ಹೊಲಿಗೆ, ಬಲ ಮಂಡಿ ಕುಂಬಳಕಾಯಿ. ಬರೆಯಲು ಕೈ ಸರಿ ಇದೆ, ಪುಣ್ಯ.

ಜುಲೈ 16, ಬುಧವಾರ, ಬೆಳಿಗ್ಗೆ 9

ಬಿದ್ದದ್ದು ಹೀಗೆ. ಕಾಡಿನ ದಾರಿ, ಬೇರುಗಳು, ಮುಂದೆ ಕಡಿದಾದ ಇಳಿಜಾರು. ಹನ್ನೆಸ್ ಹಿಂದಿನ ಬ್ರೇಕು ಮೆಲ್ಲಗೆ, ಮುಂದಿನದು ಮುಟ್ಟಬೇಡ ಅಂತ ಕೂಗಿದ. ಗೊತ್ತಿತ್ತು. ಹೆದರಿಕೆಯಲ್ಲಿ ಹಿಂದಿನದು ಅಂತ ಎಡಗೈ ಜೋರಾಗಿ ಒತ್ತಿದೆ. ಎಡಗೈ ಹಿಂದಿನದಾಗುವುದು ಲಕ್ಕೂರು ಕೆರೆ ಏರಿಯ ಮೇಲೆ. ಇಲ್ಲಿ ಅದು ಮುಂದಿನದು. ಮುಂದಿನ ಚಕ್ರ ನಿಂತಿತು, ನಾನು ನಿಲ್ಲಲಿಲ್ಲ.

ಹನ್ನೊಂದು ವರ್ಷ ನೀಲಿ ಟ್ರೇ ಮುಂದೆ ಕೂತವಳು! ಯಾರಾದರೂ ಬಿದ್ದರೆ ಅಂತ ಜಗತ್ತಿಗೆಲ್ಲ ಒತ್ತಿ ಒತ್ತಿ ನೋಡಿ ಕಳಿಸಿದವಳು. ಕೈ ಟೇಬಲ್ಲಿನ ಮೇಲೆ ಕಲಿತದ್ದು ಒಂದು, ದಾರಿಯ ಮೇಲೆ ಕಲಿತದ್ದು ಇನ್ನೊಂದು. ಎರಡಕ್ಕೂ ಪರಿಚಯವೇ ಆಗಿಲ್ಲ.

ಹನ್ನೆಸ್ ನನ್ನನ್ನು ಬೆನ್ನಿಗೆ ಹಾಕಿಕೊಂಡು ವ್ಯಾನಿನವರೆಗೆ ಹೊತ್ತ. ಅಷ್ಟು ದೂರ, ಒಂದು ಮಾತು ಗೊಣಗದೆ. ಇಂಗಾ ಡಾಕ್ಟರ ಹತ್ತಿರ ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ಗುರುತು ಪರಿಚಯ ಎರಡು ದಿನದ್ದು. ಇವರ ಋಣ ಎಲ್ಲಿ ತೀರಿಸಲಿ.

ಡಾಕ್ಟರ ಆರ್ಡರು — ಕಾಡಿನ ದಾರಿ ಇನ್ನು ಈ ವಾರ ಇಲ್ಲ. ಎಲ್ಲರೂ ಹೋದರು. ನಾನು ಅಂಗಳದ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದೇನೆ. ಹುರಿಹಿಟ್ಟು ಹಾಲಿಗೆ ಕಲೆಸಿಕೊಂಡು ತಿಂದೆ. ಅಕ್ಕನ ಕೈ ರುಚಿ.

ಅದೇ ದಿನ, 11 ಗಂಟೆ

ಇದನ್ನು ಈಗಲೇ ಬರೆಯಬೇಕು.

ಗೆಸ್ಟ್‌ಹೌಸಿನ ಯಜಮಾನನ ತಾಯಿ ರೋಸಾ ಅಜ್ಜಿ, ಎಂಬತ್ತೊಂದು ವರ್ಷ. ಏರಿನಲ್ಲಿ ಸೈಕಲ್ ತಳ್ಳಿಕೊಂಡು ಬಂದರು. ಬುಟ್ಟಿ ತುಂಬ ಬ್ರೆಡ್ಡು. ಹಳೇ ಬೂದು ಬಣ್ಣದ ಲೇಡೀಸ್ ಸೈಕಲ್ಲು. ಗೋಡೆಗೆ ಒರಗಿಸಿದರು. ಲಿವರ್ ಕಂಡರೆ ಕೈ ಸುಮ್ಮನಿರುವುದಿಲ್ಲ, ಅಭ್ಯಾಸ. ಕುಂಟಿಕೊಂಡು ಹೋಗಿ ಕೆಳಗೆ ಬೆರಳು ಹಾಕಿದೆ.

ತ್ರಿಕೋನ.

ತಿರುಗಿಸಿ ನೋಡಿದೆ. ತ್ರಿಕೋನದ ಪಕ್ಕ 16. ಎರಡು ಸಾವಿರದ ಹದಿನಾರನೇ ಇಸವಿಯದು. ಆ ವರ್ಷ ನೀಲಿ ಟ್ರೇ ಟೇಬಲ್ಲಿನಲ್ಲಿ ಇದ್ದದ್ದು ಇಬ್ಬರೇ, ನಾನು ಮತ್ತು ಅಕ್ಕ. ಇದನ್ನು ಮೂರು ಸಲ ಒತ್ತಿ ಪಾಸ್ ಮಾಡಿದ್ದು ನಾನು, ಇಲ್ಲವೆ ಅಕ್ಕ. ಯಾರು ಅಂತ ತಿಳಿಯುವ ಹಾಗಿಲ್ಲ.

ಲಿವರ್ ತೋರಿಸಿದೆ, ನನ್ನ ಎದೆ ತೋರಿಸಿದೆ, ಮತ್ತೆ ಲಿವರ್. ಕನ್ನಡದಲ್ಲೇ ಹೇಳಿದೆ — ಅಜ್ಜಿ, ಇದು ನಮ್ಮದು. ಅವರು ತಮ್ಮ ಭಾಷೆಯಲ್ಲಿ ಏನೋ ಅಂದರು. ಹಸಿವಾಗಿದೆ ಅಂದುಕೊಂಡರೋ ಏನೋ, ಒಂದು ಬ್ರೆಡ್ಡು ಕೈಗಿಟ್ಟರು. ಅಳುತ್ತಲೇ ತಿಂದೆ. ಅಜ್ಜಿಗೆ ಗಾಬರಿಯಾಗಿ ಬೆಣ್ಣೆ ತಂದರು.

ಸಂಜೆ

ಇಂಗಾ ಬಂದ ಮೇಲೆ ಅಜ್ಜಿಯ ಮಾತು ತಿರುಗಿಸಿ ಹೇಳಿದಳು. ಕೆಳಗಿನ ಹಳ್ಳಿಗೆ ದಿನಾ ಬೆಳಿಗ್ಗೆ ಬ್ರೆಡ್ಡಿಗೆ ಹೋಗುತ್ತಾರಂತೆ. ಎಂಟು ವರ್ಷದಿಂದ ಇದೇ ಸೈಕಲ್ಲು. ಹೋಗುವಾಗ ಆ ಇಳಿಜಾರು — ನಾನು ನಡೆದು ಇಳಿಯಲೂ ಯೋಚಿಸುವಂಥದ್ದು. ಬ್ರೇಕು ಒಂದು ದಿನವೂ ಕೈಕೊಟ್ಟಿಲ್ಲವಂತೆ. ಮಗ ಹೊಸದು ಕೊಡಿಸುತ್ತೇನೆ ಅಂದರೂ ಬೇಡ ಅಂದಿದ್ದಾರೆ.

ಅಜ್ಜಿ ನನ್ನ ಎರಡೂ ಕೈ ತಿರುಗಿಸಿ ನೋಡಿದರು. ಅಂಗೈಯಲ್ಲಿ ಲಿವರ್ ಒತ್ತಿ ಒತ್ತಿ ಗಟ್ಟಿಯಾದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು.

ಜುಲೈ 17, ಗುರುವಾರ

ಇಷ್ಟೇ ಸಾಕಲ್ಲ ಅಂತ ಒಂದು ಮನಸ್ಸು. ಅಕ್ಕನಿಗೆ ಅಜ್ಜಿಯ ಕಥೆ ಹೇಳಿದರೆ ಖುಷಿಪಡುತ್ತಾರೆ. ಆದರೆ ಕೊಟ್ಟ ಮಾತು ಅದಲ್ಲ. ಬೆಟ್ಟದ ಮೇಲಿಂದ ಕೆಳಗಿನ ತನಕ. ಅದೂ ಅಲ್ಲದೆ ಹೂಂ ಅಂತ ಆಗಲೇ ಹೇಳಿಯಾಗಿದೆ. ಆ ಹೂಂ ಹಲ್ಲಿನ ಸಂದಿಯ ಕಡಲೆ ಸಿಪ್ಪೆ ಹಾಗೆ ಮೂರು ದಿನದಿಂದ ಚುಚ್ಚುತ್ತಿದೆ.

ನಾಳೆ ಕೊನೆಯ ದಿನ. ಎಲ್ಲರೂ ಬೆಟ್ಟದ ಮೇಲಕ್ಕೆ ವ್ಯಾನಿನಲ್ಲಿ ಹೋಗಿ ಕಾಡಿನ ದಾರಿಯಲ್ಲಿ ಇಳಿಯುತ್ತಾರೆ. ಅಲ್ಲಿಂದ ಟಾರು ರಸ್ತೆಯೂ ಇದೆ. ಏಳು ಕಿಲೋಮೀಟರು, ಹದಿನಾಲ್ಕು ತಿರುವು. ಹನ್ನೆಸ್‌ನನ್ನು ಕೇಳಿದೆ — ನಾನು ಅಜ್ಜಿಯ ಸೈಕಲ್ಲಿನಲ್ಲಿ ಆ ರಸ್ತೆಯಲ್ಲಿ ಇಳಿಯಲಾ? ಇಲ್ಲ ಅಂದ. ಒಬ್ಬಳನ್ನೇ ಬಿಡಲು ಆಗುವುದಿಲ್ಲ, ನಾನು ಆರು ಜನರ ಜೊತೆ ಕಾಡಿನಲ್ಲಿರಬೇಕು. ನ್ಯಾಯವಾಗಿಯೇ ಹೇಳಿದ. ಜಗಳ ಆಡಲು ದಾರಿ ಇರಲಿಲ್ಲ.

ಇಂಗಾ ಸೂಪಿನ ಚಮಚ ಕೆಳಗಿಟ್ಟು, ಐದು ಜನರ ಜೊತೆ ಅಂದಳು. ನಾನು ಇವಳ ಜೊತೆ ರಸ್ತೆಯಲ್ಲಿ ಬರುತ್ತೇನೆ.

ಬೇಡ ಅಂದೆ. ಕಾಡಿನ ದಾರಿಗೋಸ್ಕರವೇ ವರ್ಷವಿಡೀ ಕಾದವಳು, ಮೊದಲ ದಿನವೇ ಹೇಳಿದ್ದಳು. ಅವಳು ಕೇಳಲಿಲ್ಲ — ನಾನು ಈ ಲಿವರ್ ಇರುವ ಸೈಕಲ್ಲನ್ನು ಹದಿನೈದು ವರ್ಷದಿಂದ ಮಾರುತ್ತಿದ್ದೇನೆ. ನಮ್ಮ ದೇಶದಲ್ಲಿ ಬೆಟ್ಟವೇ ಇಲ್ಲ. ಹಿಡಿಯುತ್ತೋ ಇಲ್ಲವೋ ನನಗೂ ಗೊತ್ತಿಲ್ಲ, ನೋಡಬೇಕು ಅಂದಳು.

ಅಕ್ಕ ಡಬ್ಬಿಯ ಮೇಲೆ ಕೈ ಇಟ್ಟರು, ಇವಳು ಚಮಚ ಕೆಳಗಿಟ್ಟಳು. ನಾನು ಏನು ಪುಣ್ಯ ಮಾಡಿದ್ದೆನೋ ಕಾಣೆ.

ಆಮೇಲೆ ಅಕ್ಕನಿಗೆ ಫೋನ್ ಮಾಡಿದೆ. ಬಿದ್ದದ್ದನ್ನು ಮಾತ್ರ ಹೇಳಿದೆ.

"ಯಾವ್ ಕೈ ಒತ್ತಿದೆ?"

"ಎಡಗೈ."

ಆ ಕಡೆ ನಗು, ಕೆಮ್ಮು ಬರುವಷ್ಟು ನಗು. "ಥೂ ನಿನ್ನ! ಮಾಲೂರ್ ಮಾನ ಕಳ್ದೆ ಕಣೇ. ಹೊಸದಾಗಿ ಸೇರ್ದಾಗ ನಿಂಗೇನ್ ಮಾಡಿದ್ದೆ ನಾನು? ಮರೆತ್ಯಾ? ಹೋಗ್, ಹಚ್ಕೋ."

ನೀಲಿ ಟ್ರೇಗೆ ಹೊಸ ಹುಡುಗಿ ಬಂದರೆ ಅಕ್ಕ ಅವಳ ಎಡಗೈ ಉಗುರುಗಳಿಗೆ ಕೆಂಪು ನೇಲ್ ಪಾಲಿಶ್ ಹಚ್ಚುತ್ತಾರೆ. ಕೆಂಪು ಅಂದರೆ ಮುಂದಿನ ಚಕ್ರ. ಬಣ್ಣ ಹೋಗುವಷ್ಟರಲ್ಲಿ ಕೈ ಕಲಿತಿರುತ್ತೆ. ಇಂಗಾ ಹತ್ತಿರ ಕೆಂಪು ಇರಲಿಲ್ಲ. ಬ್ರೆಡ್ ಅಂಗಡಿಯವಳ ಹತ್ತಿರ ಇದೆ ಅಂತ ಅಜ್ಜಿಗೆ ಗೊತ್ತಿತ್ತು, ಹೋಗಿ ತಂದರು. ಎಂಬತ್ತೊಂದು ವರ್ಷದವರು ನನ್ನ ಉಗುರಿಗೆ ಬಣ್ಣ ತರಲು ಇಳಿದು ಹತ್ತಿದರು.

ಜುಲೈ 18, ಶುಕ್ರವಾರ, ಸಂಜೆ

ಇಳಿದೆ!

ಮೇಲೆ ವ್ಯಾನಿನಿಂದ ಸೈಕಲ್ ಇಳಿಸಿಕೊಂಡಾಗ ಗಾಳಿ ತಣ್ಣಗೆ, ಬೇಸಿಗೆಯಲ್ಲೂ ಬಂಡೆ ಸಂದಿಯಲ್ಲಿ ಹಿಮ. ಉಳಿದವರು ಹೆಲ್ಮೆಟ್ ತಟ್ಟಿ ಕಾಡಿಗೆ ಇಳಿದರು. ಹನ್ನೆಸ್ ಎರಡು ಸಲ ತಿರುಗಿ ನೋಡಿದ. ಲಿವರ್ ಮೂರು ಸಲ ಒತ್ತಿದೆ. ಪಾಸ್. ಹೊರಟೆ.

ಮೊದಲ ತಿರುವಿಗೆ ಕಣ್ಣು ಉಗುರಿನ ಮೇಲೆಯೇ. ಕೆಂಪು ಮೆಲ್ಲಗೆ, ಬಣ್ಣವಿಲ್ಲದ್ದು ಮೊದಲು. ಎರಡನೆಯದಕ್ಕೂ ಹಾಗೇ. ನಾಲ್ಕನೆಯ ತಿರುವಿನ ಹೊತ್ತಿಗೆ ರಸ್ತೆ ನೋಡಲು ಧೈರ್ಯ ಬಂತು. ಒಂದು ಕಡೆ ಪಾತಾಳ, ಗೀಚಿದ ಗೆರೆಯಷ್ಟು ಸಣ್ಣ ಹೊಳೆ. ಲಿವರಿನೊಳಗೆ ಕೇಬಲ್ ಎಳೆಯುವುದು, ಅದು ಚಕ್ರವನ್ನು ಹಿಡಿಯುವುದು, ಚಕ್ರ ನನ್ನ ಮಾತು ಕೇಳುವುದು — ಮೂರೂ ಕೈಗೆ ಬೇರೆ ಬೇರೆಯಾಗಿ ಗೊತ್ತಾಗುತ್ತಿತ್ತು. ಟೇಬಲ್ಲಿನ ಮೇಲೆ ಒತ್ತಿದರೆ ಟಕ್ ಅಂತ ಒಂದು ಸದ್ದು, ಅಷ್ಟೆ. ಇಲ್ಲಿ ಆ ಟಕ್ಕಿನ ಆಚೆ ಒಂದು ಇಡೀ ಬೆಟ್ಟ ಇತ್ತು.

ಏಳನೆಯ ತಿರುವಿನಲ್ಲಿ ಹಸುಗಳು ಅಡ್ಡ ನಿಂತಿದ್ದವು. ನಿಲ್ಲಿಸಿದೆ. ಪೂರ್ತಿ ನಿಂತಿತು, ಗೆರೆ ಎಳೆದ ಹಾಗೆ. ರಬ್ಬರ್ ಬಿಸಿಯಾದ ವಾಸನೆ. ಬೆರಳು ಸೆಟೆದುಕೊಂಡಿದ್ದವು. ಇಂಗಾ ನನ್ನ ಬೆರಳು ತಿಕ್ಕಿ ಬಿಡಿಸಿದಳು. ನೀನೂ ಓಡಿಸಿ ನೋಡು ಅಂದೆ. ಮುಂದಿನ ಎರಡು ತಿರುವು ಅವಳು ಅಜ್ಜಿಯ ಸೈಕಲ್ಲಿನಲ್ಲಿ, ನಾನು ಅವಳದರಲ್ಲಿ. ಕೆಳಗೆ ನಿಂತು ತಲೆದೂಗಿದಳು. ಹಿಡಿಯುತ್ತೆ ಅಂದಳು. ಹದಿನೈದು ವರ್ಷ ಸುಳ್ಳು ಹೇಳಿ ಮಾರಿಲ್ಲ ಅಂತಾಯಿತು.

ಕೆಳಗೆ ಬಂದಾಗ ಅಜ್ಜಿ ಗೇಟಿನಲ್ಲೇ ನಿಂತಿದ್ದರು. ನನ್ನನ್ನಲ್ಲ, ಮೊದಲು ಸೈಕಲ್ಲನ್ನು ನೋಡಿದರು. ಆಮೇಲೆ ನನ್ನ ಗದ್ದದ ಹೊಲಿಗೆ ಸರಿಯಿದೆಯೇ ಎಂದು ನೋಡಿದರು. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ, ಯಾರಿಗೂ ನಾಚದೆ. ಇಷ್ಟು ಸಂತೋಷ ನನಗೆ ಅರ್ಪಿತ ಹುಟ್ಟಿದ ದಿನ ಆಗಿತ್ತು, ಆಮೇಲೆ ಇವತ್ತು. ಯಾರಿಗೆ ಕೈ ಮುಗಿಯಲಿ ಅಂತ ಗೊತ್ತಾಗದೆ ಆ ಬೆಟ್ಟಕ್ಕೇ ಮುಗಿದೆ.

ಜುಲೈ 22, ಮಂಗಳವಾರ

ಫಸ್ಟ್ ಶಿಫ್ಟು. 790. ಐದು ರಿಜೆಕ್ಟ್. ಕ್ಯಾಂಟೀನಿನ ಸಾರು ಹಾಗೇ ಇದೆ, ಆದರೂ ಎರಡು ಸಲ ಹಾಕಿಸಿಕೊಂಡೆ.

ಊಟದ ಹೊತ್ತಿಗೆ ಅಕ್ಕನನ್ನು ಸ್ಟೋರಿನ ಹಿಂದಿನ ಹುಣಸೆ ಮರದ ಕೆಳಗೆ ಕರೆದುಕೊಂಡು ಹೋದೆ. ಎಲ್ಲ ಹೇಳಿದೆ. ಸೋಮವಾರ ಹೇಳಿದ ಹೂಂ ಸುಳ್ಳು, ಶುಕ್ರವಾರ ಅದು ನಿಜ ಆಯಿತು ಅಂದೆ. ಬೆಟ್ಟದ ಸೈಕಲ್ಲಿಗೆ ನಮ್ಮದು ಹಾಕುವುದಿಲ್ಲ ಅನ್ನುವುದನ್ನೂ ಮುಚ್ಚಿಡಲಿಲ್ಲ. ಅದನ್ನು ಹೇಳುವಾಗ ಅಕ್ಕನ ಮುಖ ನೋಡಲು ಆಗಲಿಲ್ಲ.

"ಸುಳ್ಳು ಅಂತ ಗೊತ್ತಿತ್ತು ಕಣೇ," ಅಂದರು. "ನಿನ್ ಹೂಂ ಸಡಿಲ ಕೇಬಲ್ ಥರ ಇತ್ತು. ಆದ್ರೂ ಬಸ್‌ಸ್ಟಾಪಲ್ ಎಲ್ರಿಗೂ ಹೇಳ್ದೆ. ಖುಷಿಯಾಗ್ಲಿ ಅಂತ."

ಸ್ವಲ್ಪ ಹೊತ್ತು ಹುಣಸೆ ಎಲೆ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

"ಆ ಮುದುಕಮ್ಮ ದಿನಾ ಹೋಗ್ತಾಳಾ?"

"ದಿನಾ ಅಕ್ಕ. ಬ್ರೆಡ್ಡಿಗೆ."

"ಮತ್ತಿನ್ನೇನು. ಬೆಟ್ಟಕ್ಕೆ ವರ್ಷಕ್ಕೊಂದ್ಸಲ ಹೋಗ್ತಾರೆ. ಹೊಟ್ಟೆಗೆ ದಿನಾ ಹೋಗ್ಬೇಕಲ್ಲ. ದಿನದ್ದಕ್ಕೇ ನಮ್ದು ಇರ್ಲಿ ಬಿಡು."

ಹೇಳಿ ಮುಗಿಸಿ ಮೂಗು ಸೀನಿಕೊಂಡರು. ಅಜ್ಜಿಯ ಸೈಕಲ್ಲಿನ ಫೋಟೋ ತೋರಿಸಿದೆ. ಎರಡು ಬೆರಳಿಟ್ಟು ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ, ಲಿವರ್ ಬಿಟ್ಟು ಬೇರೇನೂ ಕಾಣದ ಹಾಗೆ ಮಾಡಿಕೊಂಡು ನೋಡಿದರು. ಸೈರನ್ ಆಯಿತು. ಎದ್ದರು, ನಾಲ್ಕು ಹೆಜ್ಜೆ ಹೋದರು, ನಿಂತರು. ಹಿಂದೆ ತಿರುಗದೆ ಕೇಳಿದರು.

"ಎಂಬತ್ತೊಂದು ಅಂದ್ಯಾ?"

ಜುಲೈ 27, ಭಾನುವಾರ, ಬೆಳಿಗ್ಗೆ 5.20

ಆರು ಗಂಟೆಗೆ ಅಕ್ಕನಿಗೆ ಸೈಕಲ್ ಕಲಿಸುವುದು ಅಂತ ಮಾತಾಗಿತ್ತು. ಊರು ಏಳುವ ಮುಂಚೆ, ಕೆರೆ ಏರಿ ಮೇಲೆ, ಯಾರಿಗೂ ಹೇಳಬಾರದು ಅಂತ ಅಕ್ಕನೇ ಕಂಡೀಷನ್ ಹಾಕಿದ್ದರು. ನಿನ್ನೆಯೇ ಬಂದು ನಮ್ಮ ಅತ್ತೆಯ ಜೊತೆ ಮಲಗಿದ್ದಾರೆ. ನಾಲ್ಕೂವರೆಗೇ ಎದ್ದು ಕೂತಿದ್ದಾರೆ ಅಂತ ಅತ್ತೆ ದೂರು ಹೇಳಿದರು. ಜೀವನದಲ್ಲಿ ಮೊದಲ ಸಲ ಚೂಡಿದಾರ್ ಹಾಕಿದ್ದಾರೆ, ಮಗಳದು. ಕನ್ನಡಿ ಮುಂದೆ ಹೋಗಲು ಒಪ್ಪುತ್ತಿಲ್ಲ.

ಇವರು ಸೀಟು ಹಿಡಿದುಕೊಂಡು ಹಿಂದೆ ಓಡುತ್ತಾರಂತೆ. ಅತ್ತೆಯೂ ಬರುತ್ತಾರಂತೆ, ನೋಡಲು. ಯಾರಿಗೂ ಹೇಳಬಾರದು ಅಂದದ್ದು ಹೀಗಾಯಿತು. ರಾತ್ರಿ ಮಲಗುವ ಮುಂಚೆ ಪ್ಲಾಂಟಿನ ಸೈಕಲ್ಲಿನ ಸೀಟು ಇಳಿಸಿಟ್ಟಿದ್ದೇನೆ, ಎರಡೂ ಕಾಲು ನೆಲಕ್ಕೆ ತಾಗಬೇಕು. ಬ್ರೇಕು ಮೂರು ಸಲ ಒತ್ತಿ ನೋಡಲು ಹೋದೆ. ಅಕ್ಕ ಕೈ ತಳ್ಳಿದರು. ನಾನೇ ನೋಡ್ಕೋತೀನಿ ಅಂದರು.

ಬೀಳುತ್ತಾರೆ ಅನ್ನುವ ಹೆದರಿಕೆ ಇದೆ. ಕಾಟನ್ನು, ಅರಿಶಿಣ ಎಲ್ಲ ತಗೊಂಡಿದ್ದೇನೆ. ಹೇಗೆ ಕಲಿಸಬೇಕು, ಮೊದಲು ಏನು ಹೇಳಬೇಕು ಅಂತ ಒಂದು ಲಿಸ್ಟ್ ಮಾಡೋಣ ಅಂತ ಈ ಪುಸ್ತಕ ತೆಗೆದೆ. ಮೊದಲನೆಯದು — ಕೆಳಗೆ ನೋಡಬಾರದು, ದೂರ ನೋಡಬೇಕು. ಎರಡನೆಯದು — ಹೊರಗೆ ಸ್ಟ್ಯಾಂಡ್ ತೆಗೆದ ಸದ್ದು. ಅತ್ತೆ ಕೂಗುತ್ತಿದ್ದಾರೆ, ಅಮ್ಮಾಯೀ, ಬೇಗ ಬಾ, ಆವಲಮ್ಮ ಆಗಲೇ ಹತ್ತಿ ಕೂತ್ಕೊಂಡ್‌ಬಿಟ್ಲು, ಇಳಿಜಾರಿನ್ ಕಡೆ ತಿರುಗಿಸ್ಕೊಂಡು —